ಜನಗಳು ಮೇಯುತ್ತಿದ್ದವು

ಬ್ರೈಲ್ ಕಲಿಯಲು ಶುರು ಮಾಡಿದ ನಾಲ್ಕನೇ ತಿಂಗಳಲ್ಲಿ ನಾನು ಮೊದಲ ಸಲ ಒಂದು ಇಡೀ ವಾಕ್ಯವನ್ನು ಎಲ್ಲೂ ನಿಲ್ಲದೆ ಓದಿದೆ. ಬೆರಳು ಸಾಲಿನ ಕೊನೆ ಮುಟ್ಟಿದ ಕೂಡಲೇ ಜೋರಾಗಿ ಹೇಳಿದೆ: "ಕೆರೆಯ ಪಕ್ಕದಲ್ಲಿ ಜನಗಳು ಮೇಯುತ್ತಿದ್ದವು."

ಎದುರಿಗೆ ಕೂತಿದ್ದ ಮೇಷ್ಟ್ರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಕೇಳಿದರು, "ಯಾವೂರಲ್ಲಪ್ಪ?"

ಅದು ದನಗಳು. ನನ್ನದೇನೂ ದೊಡ್ಡ ತಪ್ಪಲ್ಲ. ಬ್ರೈಲ್‌ನಲ್ಲಿ ಒಂದು ಅಕ್ಷರಕ್ಕೆ ಆರು ಚುಕ್ಕಿಯ ಜಾಗ. ಎಡಗಡೆ ಮೇಲಿಂದ ಕೆಳಕ್ಕೆ 1, 2, 3. ಬಲಗಡೆ 4, 5, 6. ದ, ಹ, ಜ ಮೂರೂ ಮೇಲಿನ ನಾಲ್ಕು ಚುಕ್ಕಿಯ ಚೌಕದಲ್ಲೇ ಮುಗಿದು ಹೋಗುತ್ತವೆ. ಮೂರು ಮೂಲೆಯಲ್ಲಿ ಚುಕ್ಕಿ, ಒಂದು ಮೂಲೆ ಖಾಲಿ. ಕೆಳಗಿನ ಎಡಮೂಲೆ ಖಾಲಿ ಇದ್ದರೆ ದ. ಮೇಲಿನ ಎಡಮೂಲೆ ಖಾಲಿ ಇದ್ದರೆ ಜ. ಮೇಲಿನ ಬಲಮೂಲೆ ಖಾಲಿ ಇದ್ದರೆ ಹ. ಇದೆಲ್ಲ ಒಂದು ಸಾಸಿವೆ ಕಾಳಿನಷ್ಟು ಜಾಗದ ವ್ಯತ್ಯಾಸ. ದನ ಜನ ಆಗಲು ಎಷ್ಟು ಹೊತ್ತು ಬೇಕು?

ನಾನು ತಿಪಟೂರಿನವನು. ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಚಿಕ್ಕಂದಿನಿಂದ ಇರುಳುಗುರುಡು ಇತ್ತು. ಸಂಜೆ ಆದಮೇಲೆ ತೋಟದಿಂದ ಮನೆಗೆ ಬರುವಾಗ ಅಣ್ಣನ ಅಂಗಿ ಹಿಡಿದುಕೊಂಡೇ ಬರುತ್ತಿದ್ದೆ. ಎಲ್ಲರಿಗೂ ಹೀಗೇ ಇರುತ್ತೆ ಅಂತ ಅಂದುಕೊಂಡಿದ್ದೆ. ಆಮೇಲೆ ಅಕ್ಕಪಕ್ಕದ್ದು ಕಾಣೋದು ಕಮ್ಮಿಯಾಯಿತು. ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದಷ್ಟೇ ಉಳಿಯಿತು. ರೆಟಿನೈಟಿಸ್ ಪಿಗ್ಮೆಂಟೋಸಾ ಅಂದರು. ನನ್ನ ಥರದ್ದಕ್ಕೆ ಔಷಧಿ ಇಲ್ಲ ಅಂದರು. ಆಸ್ಪತ್ರೆಗಳ ಕತೆ ಇಷ್ಟೇ ಸಾಕು. 38ನೇ ವಯಸ್ಸಿಗೆ ಅಚ್ಚಿನ ಅಕ್ಷರ ಪೂರ್ತಿ ನಿಂತಿತು. ಈಗ ನನಗೆ 47.

ಓದು ನನಗೆ ಹವ್ಯಾಸ ಅಂತ ಹೇಳಿದರೆ ಕಮ್ಮಿಯಾದೀತು. ಮಂಡಿಯಲ್ಲಿ ಎರಡು ಲೆಕ್ಕದ ನಡುವೆ, ಮೂಟೆಯ ಮೇಲೆ ಕೂತು ಕಾದಂಬರಿ ಓದುತ್ತಿದ್ದವನು ನಾನು. ಹಾಗಾಗಿ ಕಣ್ಣು ಹೋಗುವಾಗ ನಾನು ಹೆದರಿದ್ದು ರಸ್ತೆ ದಾಟೋದು ಹೆಂಗೆ ಅಂತಲ್ಲ. ಅದಕ್ಕೆ ಯಾರಾದರೂ ಕೈ ಹಿಡೀತಾರೆ. ಪುಸ್ತಕದೊಳಗೆ ಯಾರು ಕೈ ಹಿಡಿದುಕೊಂಡು ಹೋಗ್ತಾರೆ?

ಮೊದಲು ಮನೆಯವರೇ ಹಿಡಿದರು. ಬೆಳಿಗ್ಗೆ ಪೇಪರ್ ಹೆಂಡತಿ ಓದುತ್ತಿದ್ದಳು. ಒಲೆ ಮೇಲೆ ಅನ್ನ, ಕೈಯಲ್ಲಿ ಪೇಪರ್. ಹೆಡ್ಡಿಂಗ್ ಓದಿ, "ಮುಂದಕ್ಕೆ ಏನೂ ಇಲ್ಲ ಬಿಡಿ, ಅದೇ ರಾಜಕೀಯ" ಅನ್ನುತ್ತಿದ್ದಳು. ಸಂಜೆ ಕಾದಂಬರಿ ಮಗಳ ಪಾಲು. ಅವಳಿಗಾಗ ಹದಿನಾಲ್ಕು. ಚೆನ್ನಾಗಿಯೇ ಓದುತ್ತಿದ್ದಳು, ಪ್ರೀತಿಯಿಂದ ಓದುತ್ತಿದ್ದಳು. ಆದರೆ ನಡುನಡುವೆ, "ಅಪ್ಪ, ಇಲ್ಲಿ ಬರೀ ಮಳೆ ವರ್ಣನೆ ಇದೆ, ಬಿಡ್ಲಾ?" ಅಂತ ಕೇಳುವಳು. ನನಗೆ ಆ ಮಳೆಯೇ ಬೇಕಿತ್ತು. ಪರೀಕ್ಷೆ ಇದ್ದ ಹುಡುಗಿಗೆ ಮಳೆ ಓದು ಅಂತ ಹೇಗೆ ಹೇಳಲಿ? ಬಿಡಮ್ಮ ಅಂದೆ.

ಒಂದು ದಿನ ಗಂಡು ಹೆಣ್ಣಿನ ಒಂದು ಪ್ರಸಂಗ ಬಂತು. ಮಗಳ ದನಿ ನಿಧಾನ ಆಯಿತು. ಕೆಮ್ಮಿದಳು. ಹಾಳೆ ತಿರುಗಿದ ಸದ್ದು ಎರಡು ಸಲ ಕೇಳಿಸಿತು. "ಮಾರನೇ ದಿನ ಬೆಳಿಗ್ಗೆ..." ಅಂತ ಮುಂದುವರಿಸಿದಳು. ನಾನೂ ಕೆಮ್ಮಿದೆ. ಆ ಪುಟಗಳಲ್ಲಿ ಏನಿತ್ತು ಅನ್ನೋದು ನನಗೆ ಗೊತ್ತಾಗಿದ್ದು ಮೂರು ವರ್ಷ ಆದಮೇಲೆ, ಅದೇ ಪುಸ್ತಕವನ್ನು ಮೆಷಿನ್ ಓದಿದಾಗ. ಮೆಷಿನ್ ಕೆಮ್ಮಲಿಲ್ಲ.

ಮಗಳು ಕೆಮ್ಮಿ ಹಾಳೆ ಹಾರಿಸಿದ ದಿನವೇ ನನಗೆ ತಿಳಿಯಿತು, ನಾನು ಕಳೆದುಕೊಂಡಿದ್ದು ಬರೀ ಕಣ್ಣಲ್ಲ. ಪುಸ್ತಕದ ಜೊತೆ ಒಬ್ಬನೇ ಇರೋದನ್ನು.

ಬ್ರೈಲ್ ಕಡೆ ಹೋಗಿದ್ದು ಹೀಗೆ. ತುಮಕೂರಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ, ಹುಟ್ಟಿನಿಂದಲೇ ಕಣ್ಣು ಕಾಣದವರು. ತುಂಬಾ ಮಕ್ಕಳಿಗೆ ಬ್ರೈಲ್ ಕಲಿಸಿದವರು. ಭಾನುವಾರ ಭಾನುವಾರ ಅವರ ಮನೆಗೆ ಹೋಗುತ್ತಿದ್ದೆ. ಅಂಧರ ಪಾಸ್ ಇದ್ದುದರಿಂದ ಸಾರಿಗೆ ಬಸ್ಸಿಗೆ ದುಡ್ಡಿಲ್ಲ. ಬಸ್ ತಪ್ಪಿದರೆ ರೈಲು. ನಿಟ್ಟೂರು, ಗುಬ್ಬಿ ದಾಟಿದರೆ ತುಮಕೂರು.

ಮೊದಲ ದಿನ ಅವರು ಪುಸ್ತಕ ಕೊಡಲಿಲ್ಲ. ನನ್ನ ಕೈ ಕೇಳಿದರು. ಹತ್ತೂ ಬೆರಳನ್ನು ಒಂದೊಂದಾಗಿ ಸವರಿ ನೋಡಿದರು.

"ಏನ್ ಕೆಲಸ ಮಾಡಿದ್ದೀಯಪ್ಪ ಇಷ್ಟು ದಿನ?"

"ಮಂಡಿ ಲೆಕ್ಕ ಸಾರ್. ಅದಕ್ಕೆ ಮುಂಚೆ ತೋಟ. ಕಾಯಿ ಸುಲೀತಿದ್ದೆ."

"ಅದೇ ಮತ್ತೆ. ಇದು ಬೆರಳಲ್ಲ, ಕರಟ."

ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಕುಕ್ಕಿ ಮಟ್ಟೆ ಸುಲಿದ ಕೈ ಇದು. ಹೆಬ್ಬೆರಳು, ತೋರುಬೆರಳು ಎರಡೂ ಜಡ್ಡುಗಟ್ಟಿವೆ. ಎಷ್ಟೋ ಜನ ಎಡ ತೋರುಬೆರಳಲ್ಲಿ ಓದುತ್ತಾರಂತೆ. ನನ್ನದಕ್ಕೆ ಚುಕ್ಕಿ ತಗುಲುತ್ತಲೇ ಇರಲಿಲ್ಲ. ಕೊನೆಗೆ ಎಡಗೈ ಉಂಗುರಬೆರಳಿಗೆ ಬಂದು ನಿಂತೆವು. ಯಾವ ಕೆಲಸಕ್ಕೂ ಹೋಗದ ಸೋಮಾರಿ ಬೆರಳು. ಅದಕ್ಕೇ ಅದು ಇನ್ನೂ ಮೆತ್ತಗಿತ್ತು.

ಎಲ್ಲ ಹೊಸಬರ ಹಾಗೆ ನಾನೂ ಒತ್ತುತ್ತಿದ್ದೆ. ಗೊತ್ತಾಗದಿದ್ದರೆ ಇನ್ನೂ ಒತ್ತಿ, ಮೇಲೆ ಕೆಳಗೆ ಉಜ್ಜುತ್ತಿದ್ದೆ. ಉಜ್ಜಿದಷ್ಟೂ ಬೆರಳು ಜೋಮು ಹಿಡಿಯುತ್ತಿತ್ತು, ಚುಕ್ಕಿ ಸವೆಯುತ್ತಿತ್ತು. "ಒತ್ತಬೇಡಪ್ಪ. ಹಾಲಿನ ಕೆನೆ ಮುಟ್ಟಿದಂಗೆ ಮುಟ್ಟು. ಎಡದಿಂದ ಬಲಕ್ಕೆ ಸುಮ್ನೆ ಜಾರಿಸು" ಅನ್ನುವರು. ಈ ಒಂದು ಮಾತು ಕೈಗೆ ಇಳಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಬ್ರೈಲ್ ಅನ್ನೋ ಮನುಷ್ಯನ ಕತೆಯನ್ನೂ ಅವರೇ ಹೇಳಿದ್ದು. ಫ್ರಾನ್ಸಿನ ಲೂಯಿ ಬ್ರೈಲ್, ಹುಟ್ಟಿದ್ದು 1809ರಲ್ಲಿ. ಅಪ್ಪ ಚರ್ಮದ ಕೆಲಸದವರು. ಮೂರು ವರ್ಷದ ಮಗು ಚರ್ಮಕ್ಕೆ ತೂತು ಹಾಕುವ ಉಳಿ ಹಿಡಿದು ಆಡುವಾಗ ಕಣ್ಣಿಗೆ ಚುಚ್ಚಿಕೊಂಡಿತು. ಅದೇ ಹುಡುಗ ಬೆಳೆದು, 1829ರಲ್ಲಿ ಈ ಚುಕ್ಕಿ ಲಿಪಿಯ ಪುಸ್ತಕ ಹೊರತಂದ. ಇದನ್ನು ಹೇಳುವಾಗ ಮೇಷ್ಟ್ರು ಸ್ಟೈಲಸನ್ನು ನನ್ನ ಕೈಗೆ ಇಟ್ಟರು. ಹಿಡಿ ಇರುವ ಸಣ್ಣ ಮೊಳೆ. ಸ್ಲೇಟು ಅಂದರೆ ಹಾಳೆ ಸಿಕ್ಕಿಸುವ ಕಿಂಡಿ ಪಟ್ಟಿ. ಅದರ ಕಿಂಡಿಯೊಳಗೆ ಮೊಳೆ ಇಟ್ಟು ಚುಚ್ಚಿದರೆ ಹಾಳೆಯ ಆಚೆ ಚುಕ್ಕಿ ಏಳುತ್ತದೆ. ಅದಕ್ಕೇ ಬರೆಯೋದು ಬಲದಿಂದ ಎಡಕ್ಕೆ, ಅದೂ ಉಲ್ಟಾ. ಹಾಳೆ ಮಗುಚಿದರೆ ಓದೋದು ಎಡದಿಂದ ಬಲಕ್ಕೆ. "ಇದೂ ಉಳೀನೇ ನೋಡು" ಅಂದರು. ಅದರ ಮೇಲೆ ಏನೂ ಹೇಳಲಿಲ್ಲ.

ಕನ್ನಡ ಬ್ರೈಲ್‌ನ ಮಜಾ ಬೇರೆಯೇ ಇದೆ. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸೇರಿ ಒಂದೇ ಏರ್ಪಾಟು ಮಾಡಿದರು, ಭಾರತಿ ಬ್ರೈಲ್ ಅಂತ. ಕನ್ನಡದ ಕ, ಹಿಂದಿಯ ಕ, ತಮಿಳಿನ ಕ ಎಲ್ಲಕ್ಕೂ 1, 3ನೇ ಚುಕ್ಕಿ. ಇಂಗ್ಲಿಷಿನ ಕೆ ಕೂಡ ಅದೇ. ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಕಣ್ಣಲ್ಲಿ ಓದುವ ಕನ್ನಡ ಸುತ್ತಲೂ ಬೆಳೆಯುತ್ತೆ. ಮೇಲೆ ಗುಡಿಸು, ಪಕ್ಕಕ್ಕೆ ಕೊಂಬು, ಕೆಳಗೆ ಒತ್ತು. ಬ್ರೈಲ್‌ನಲ್ಲಿ ಅದ್ಯಾವುದೂ ಇಲ್ಲ, ಎಲ್ಲ ಒಂದೇ ಸಾಲಿನಲ್ಲಿ ನಡೀಬೇಕು. 'ಕಿ' ಬೇಕಾದರೆ ಕ ಹಾಕಿ ಪಕ್ಕದಲ್ಲಿ ಇಡೀ ಇ ಹಾಕಬೇಕು. ಒತ್ತಕ್ಷರ ಬರುತ್ತೆ ಅಂತ ಮೊದಲೇ ಒಂದು ಚುಕ್ಕಿ, 4ನೆಯದು, ಬಂದು ಹೇಳುತ್ತೆ. 'ಅಪ್ಪ' ಅನ್ನೋದು ಅ, ಆ ಒಂಟಿ ಚುಕ್ಕಿ, ಪ, ಪ. ಆ ಚುಕ್ಕಿ ಬೆರಳಿಗೆ ತಪ್ಪಿದರೆ 'ಅಪಪ'. ಎಷ್ಟೋ ವಾರ ನಮ್ಮ ಮನೆಯಲ್ಲಿ ನನ್ನ ಹೆಸರೇ ಅಪಪ ಆಗಿತ್ತು, ಮಗಳ ಕೃಪೆ.

ಹೀಗೆ ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಮನೆ ಕೊಟ್ಟರೆ ಪುಸ್ತಕ ಊದಿಕೊಳ್ಳದೆ ಇರುತ್ತಾ? ಕಾಗದವೂ ದಪ್ಪ, ಚುಕ್ಕಿಯೂ ಉಬ್ಬು. ನಾನು ತರಿಸಿದ ಮುನ್ನೂರು ಪುಟದ ಒಂದು ಕಾದಂಬರಿ ನಾಲ್ಕು ಸಂಪುಟವಾಗಿ ಬಂತು. ಒಂದೊಂದೂ ಮಂಡಿಯ ಹಳೇ ಖಾತೆ ಪುಸ್ತಕದ ಗಾತ್ರ. ಮೊದಲು ಕಪಾಟಿನಲ್ಲಿಟ್ಟೆವು, ಹಿಡಿಸಲಿಲ್ಲ. ಹೆಂಡತಿ ಅಟ್ಟ ತೋರಿಸಿದಳು. ಅಟ್ಟದಲ್ಲಿ ಕೊಬ್ಬರಿ ಇತ್ತು. ನಮ್ಮ ಕಡೆ ಉಂಡೆ ಕೊಬ್ಬರಿ ಆಗಲು ಕಾಯಿಯನ್ನು ವರ್ಷದ ಹತ್ತಿರ ಅಟ್ಟದಲ್ಲೇ ಬಿಡುತ್ತಾರೆ, ಅದನ್ನು ಇಳಿಸೋ ಹಾಗಿಲ್ಲ. ಕೊನೆಗೆ ಸಂಪುಟಗಳು ಮಂಚದ ಕೆಳಗೆ ಹೋದವು. ಅಂದ ಹಾಗೆ ಪುಸ್ತಕ ತರಿಸೋದಕ್ಕೆ ಖರ್ಚಿಲ್ಲ. ಅಂಧರ ಸಾಹಿತ್ಯ ಅಂತ ಮೇಲೆ ಬರೆದರೆ ಅಂಚೆಯಲ್ಲಿ 7 ಕಿಲೋವರೆಗೆ ಉಚಿತ. ಹೊತ್ತು ತರುವ ಪೋಸ್ಟ್‌ಮ್ಯಾನ್ ಮುಖ ನನಗೆ ಕಾಣಲ್ಲ, ಅಷ್ಟು ಪುಣ್ಯ.

ಇನ್ನು ವೇಗ. ಶುರುವಿನಲ್ಲಿ ಒಂದು ಪುಟಕ್ಕೆ ಮುಕ್ಕಾಲು ಗಂಟೆ. ಈಗ ಹತ್ತು ನಿಮಿಷಕ್ಕೆ ಬಂದಿದೆ. ಆರು ವರ್ಷಕ್ಕೆ ಕಲಿತವರು ಓದುವುದನ್ನು ಕೇಳಿದರೆ ನಾಚಿಕೆ ಆಗುತ್ತೆ. ಅವರ ಎರಡು ಕೈ ಜೊತೆಯಾಗಿ ಕೆಲಸ ಮಾಡುತ್ತೆ. ಬಲಗೈ ಸಾಲಿನ ಕೊನೆ ಮುಗಿಸುವಾಗ ಎಡಗೈ ಆಗಲೇ ಮುಂದಿನ ಸಾಲಿನ ಬಾಗಿಲಲ್ಲಿ ನಿಂತಿರುತ್ತೆ. ನನ್ನ ವಯಸ್ಸಿಗೆ ಅದು ಬರಲ್ಲ. ಬಂದಿದ್ದರಲ್ಲಿ ಖುಷಿ ಪಡೋದು.

ಫೋನಿನ ಕಡೆಗೆ ನಾನು ಹೋದದ್ದು ಮೇಷ್ಟ್ರ ಮನೆಯಲ್ಲಿ ಸಿಕ್ಕಿದ ಒಬ್ಬ ಹುಡುಗನಿಂದ. ಬಿ.ಎ. ಓದುತ್ತಿದ್ದ. ಅವನಿಗೂ ಕಣ್ಣಿಲ್ಲ. ಮೂಲೆಯಲ್ಲಿ ಕೂತು ಫೋನ್ ಕಿವಿಗೆ ಹತ್ತಿರ ಹಿಡಿದಿದ್ದ. ಅದರಿಂದ ಜುರ್ರ್ ಅಂತ ಏನೋ ಬರುತ್ತಿತ್ತು.

"ಏನಪ್ಪ ಅದು? ಹುಳ ಹೊಕ್ಕಿದೆಯಾ?"

"ಎಕನಾಮಿಕ್ಸ್ ಸಾರ್."

ಅಷ್ಟು ಜೋರಾಗಿ ಓಡಿಸುತ್ತಿದ್ದ. ನನಗೆ ಒಂದು ಪದವೂ ತಿಳಿಯಲಿಲ್ಲ. ಅವನು ನನ್ನ ಫೋನಿನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿಕೊಟ್ಟ. ಬೆರಳು ಎಲ್ಲಿ ಇಟ್ಟರೆ ಅಲ್ಲಿ ಏನಿದೆ ಅಂತ ಹೇಳುತ್ತೆ, ಎರಡು ಸಲ ತಟ್ಟಿದರೆ ಅದು ತೆರೆಯುತ್ತೆ. ಮೊದಲ ವಾರ ನಾನು ಯಾರ್ಯಾರಿಗೋ ಫೋನ್ ಮಾಡಿದೆ. ಕೊಬ್ಬರಿ ದರ ಕೇಳಲು ಹೋಗಿ ಬೀಗರಿಗೆ ರಾತ್ರಿ ಹನ್ನೊಂದಕ್ಕೆ ಕಾಲ್ ಹೋಯಿತು. ಅದು ಬಿಡಿ.

ದನಿ ಆರಿಸುವಾಗ ಹುಡುಗ ಎರಡು ಕೇಳಿಸಿದ. ಒಂದು ಗೂಗಲ್ ದನಿ. ಹೆಣ್ಣು ದನಿ, ಹೆಚ್ಚು ಕಮ್ಮಿ ಮನುಷ್ಯರ ಹಾಗೆ. ಇನ್ನೊಂದು ಇ-ಸ್ಪೀಕ್. ತಗಡಿನ ಡಬ್ಬ ಮಾತು ಕಲಿತ ಹಾಗೆ. ಥೂ, ಇದನ್ನ ಯಾರು ಕೇಳ್ತಾರೆ ಅಂದೆ. "ವೇಗ ಜಾಸ್ತಿ ಮಾಡಿ ನೋಡಿ ಸಾರ್" ಅಂದ. ನಿಜ. ವೇಗ ಏರಿಸಿದಷ್ಟೂ ಮನುಷ್ಯರಂಥ ದನಿ ಕಲಸಿಹೋಗುತ್ತೆ. ಡಬ್ಬದ ದನಿ ಮಾತ್ರ ಒಂದೊಂದು ಅಕ್ಷರವನ್ನೂ ಕಡಿದು ಕಡಿದು ಕೊಡುತ್ತೆ. ಕಿವಿ ಪಳಗಬೇಕು ಅಷ್ಟೇ. ಕಿವಿ ಪಳಗಿಸೋದು ನಮಗೆ ಹೊಸದೇನಲ್ಲ. ಅಟ್ಟದ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಗಿಟಕು ಬಿಟ್ಟುಕೊಂಡಿದೆಯೋ ಇಲ್ಲವೋ ಅಂತ ಸದ್ದಿನಲ್ಲೇ ಹೇಳುವ ಊರು ನಮ್ಮದು.

ಈಗ ನಾನು ಪೇಪರನ್ನು ಡಬ್ಬದ ದನಿಯಲ್ಲಿ ಓಡಿಸುತ್ತೇನೆ. ಕಾದಂಬರಿಗೆ ಗೂಗಲ್ ದನಿ, ನಿಧಾನಕ್ಕೆ. ಮಳೆ ವರ್ಣನೆ ಬಂದರೆ ಇನ್ನೂ ನಿಧಾನಕ್ಕೆ.

ಜನರಿಗೆ ಇದೇ ಅರ್ಥ ಆಗಲ್ಲ. ಕಲಾವಿದರು ಓದಿದ ಆಡಿಯೋ ಪುಸ್ತಕಗಳು ಬಂದಿವೆಯಲ್ಲ, ಅದನ್ನ ಬಿಟ್ಟು ಈ ಮೆಷಿನ್ ಯಾಕೆ ಅಂತ ಕೇಳುತ್ತಾರೆ. ಕೇಳಿದ್ದೇನೆ. ಕನ್ನಡ ಪುಸ್ತಕದ ಆ್ಯಪ್ ಮೈಲ್ಯಾಂಗ್‌ನಲ್ಲಿ ದುಡ್ಡು ಕೊಟ್ಟು ತಗೊಂಡೂ ಇದ್ದೇನೆ. ಕೆಲವರು ಎಷ್ಟು ಚೆನ್ನಾಗಿ ಓದುತ್ತಾರೆ ಅಂದರೆ, ಹಳ್ಳಿ ಮಾತಿನ ಕತೆಗಳಿಗೆ ಮೆಷಿನ್ ಅವರ ಕಾಲ ಧೂಳಿಗೂ ಸಮ ಇಲ್ಲ. ಆದರೆ ಒಂದು ಕಾದಂಬರಿಯಲ್ಲಿ ತಾಯಿ ಸಾಯುವ ಜಾಗ ಬಂತು. ಓದುವವರು ತಾವೇ ಗದ್ಗದ ಆಗಿ, ಮೂಗು ಎಳೆದು, ಹಿಂದೆ ಕೊಳಲು ಬೇರೆ ಬಿಟ್ಟರು. ನನ್ನ ಅಳು ನಾನು ಅಳ್ತೀನಿ ಬಿಡ್ರಪ್ಪ ಅನ್ನಿಸಿತು. ಅಚ್ಚಿನ ಹಾಳೆ ಎಂದಾದರೂ ಅಳುತ್ತಾ? ಮೆಷಿನ್ ದನಿ ನನಗೆ ಹಾಳೆ ಇದ್ದ ಹಾಗೆ. ಅದಕ್ಕೆ ಯಾವ ಭಾವವೂ ಇಲ್ಲ, ಅದಕ್ಕೇ ಪೂರ್ತಿ ಜಾಗ ನನ್ನದು.

ಇದು ನನ್ನ ಮಾತು. ಎಲ್ಲ ಕಣ್ಣಿಲ್ಲದವರ ಮಾತೂ ಇದೇ ಅಂತ ಯಾರೂ ಬರೆದುಕೊಳ್ಳಬೇಡಿ. ನನ್ನ ಪರಿಚಯದ ಒಬ್ಬ ಅಕ್ಕ ಮೆಷಿನ್ ದನಿ ಕೇಳಿದರೆ ತಲೆನೋವು ಅನ್ನುತ್ತಾರೆ. ಅವರಿಗೆ ಮನುಷ್ಯರ ದನಿಯೇ ಬೇಕು. ಬೆಂಗಳೂರಿನ ಮಿತ್ರಜ್ಯೋತಿಯ ದನಿಪುಸ್ತಕದ ಲೈಬ್ರರಿಯಿಂದ ತರಿಸಿಕೊಂಡು ಕೇಳುತ್ತಾರೆ, ಅಡುಗೆ ಮಾಡುತ್ತಾ. ಮೇಷ್ಟ್ರದ್ದು ಇನ್ನೊಂದು ಹಟ. "ಬೆರಳಲ್ಲಿ ಓದಿದ್ರೆ ಓದು. ಕಿವೀಲಿ ಬಿದ್ದಿದ್ದು ಹರಿಕಥೆ" ಅನ್ನುತ್ತಾರೆ. ನಾನು ವಾದ ಮಾಡಿದೆ. ಹರಿಕಥೆ, ಗಮಕ ಅಂತ ನಮ್ಮ ಅಜ್ಜಿಯರು ಭಾರತ ರಾಮಾಯಣ ಎಲ್ಲ ಕಿವಿಯಲ್ಲೇ ತಿಳಿದುಕೊಂಡವರಲ್ವಾ ಸಾರ್, ಅವರಿಗೇನು ಗೊತ್ತಿರಲಿಲ್ವಾ ಅಂದೆ. "ಗೊತ್ತಿತ್ತು ಕಣಪ್ಪ. ಒಂದು ಕಾಗದ ಬರೀ ಅಂದಿದ್ರೆ ಬರೀತಿದ್ರಾ?" ಅಂದರು.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆ ಅಂದರೆ ಅಷ್ಟರಲ್ಲೇ ನಾನೊಂದು ಕಾದಂಬರಿ ಅರ್ಧ ಮುಗಿಸಿದ್ದೆ. ಅದರಲ್ಲಿ ಒಬ್ಬ ಒಳ್ಳೆಯ ಮನುಷ್ಯನನ್ನು ಎಲ್ಲರೂ ಪಾತಕ್, ಪಾತಕ್ ಅಂತ ಕರೆಯುತ್ತಿದ್ದರು. ಪಾಪ, ಇಷ್ಟು ಒಳ್ಳೆಯವನಿಗೆ ಪಾತಕಿ ಅಂತ ಯಾಕೆ ಹೆಸರಿಟ್ಟರು, ಮುಂದೆ ಏನೋ ತಿರುವು ಇರಬೇಕು ಅಂತ ಕಾದೆ. ಕೊನೆಗೆ ಅನುಮಾನ ಬಂದು ದನಿ ನಿಧಾನ ಮಾಡಿ, ಅಕ್ಷರ ಅಕ್ಷರ ಬಿಡಿಸಿ ಕೇಳಿದರೆ ಪಾಠಕ್. ಬರೆಯುವಾಗಲೂ ಹೀಗೇ. ಎರಡು ವರ್ಷ ಬರೀ ಕಿವಿಯಲ್ಲಿ ಓದಿದಮೇಲೆ ನನ್ನ ಮಹಾಪ್ರಾಣಗಳೆಲ್ಲ ಉದುರಿಹೋಗಿದ್ದವು. ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಯಾರದ್ದೋ ಮದುವೆಗೆ "ಶುಬ" ಕೋರಿದ್ದೆ. ಮಂಡಿಯಲ್ಲಿ ಚೆನ್ನಾದ ಕನ್ನಡ ಬರೆಯುವವನು ಅಂತ ಹೆಸರಿದ್ದವನು ನಾನು. ಹಾಗಾಗಿ ಬ್ರೈಲ್ ಬಿಟ್ಟಿಲ್ಲ. ಕವಿತೆ ಮಾತ್ರ ಬೆರಳಲ್ಲೇ ಓದುತ್ತೇನೆ. ಸಾಲು ಎಲ್ಲಿ ಮುರಿಯಿತು ಅಂತ ದನಿ ಹೇಳಲ್ಲ. ಬೆರಳಿಗೆ ಖಾಲಿ ಜಾಗ ಸಿಗುತ್ತೆ.

ಇಷ್ಟು ಹೊತ್ತು ಹೇಗೆ ಓದೋದು ಅಂತ ಹೇಳಿದೆ. ಏನನ್ನು ಓದೋದು ಅನ್ನೋದು ದೊಡ್ಡ ತಲೆನೋವು.

ಒಬ್ಬ ಗೆಳೆಯ ಕನ್ನಡದ ಒಂದು ಪುಸ್ತಕದ ಫೈಲ್ ಕಳಿಸಿದ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಹಾಕಿಕೊಂಡಿದ್ದೆ. ಪರದೆ ಓದುವ ತಂತ್ರಾಂಶ, ಉಚಿತ. ಆಸ್ಟ್ರೇಲಿಯಾದ ಇಬ್ಬರು ಕಣ್ಣು ಕಾಣದ ಗೆಳೆಯರು ಮಾಡಿದ್ದು, 2006ರಲ್ಲಿ ಶುರು. ಖುಷಿಯಾಗಿ ಫೈಲ್ ತೆರೆದೆ. ಅದು ಬಡಬಡ ಏನೇನೋ ಒದರಿತು. ಬಾಣದ ಕೀ ಒತ್ತಿ ಒಂದೊಂದೇ ಅಕ್ಷರ ಕೇಳಿದೆ. ಪಿ. ಎ ಗ್ರೇವ್. ಪೌಂಡ್. ಎ ಗ್ರೇವ್. ಶಾರ್ಪ್ ಎಸ್. ಕ್ಯೂ. ಎ ಗ್ರೇವ್. ಮಗಳನ್ನು ಕರೆದು ಇಲ್ಲಿ ಏನು ಬರೆದಿದೆ ನೋಡಮ್ಮ ಅಂದೆ. "'ಕನ್ನಡ' ಅಂತ ಇದೆ ಅಪ್ಪ" ಅಂದಳು.

ಹಳೇ ನುಡಿ ಫಾಂಟಿನ ಕೆಲಸ ಇದು. ಅದರಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಮಾತ್ರ ಕನ್ನಡ. ಕಂಪ್ಯೂಟರಿನ ಹೊಟ್ಟೆಯಲ್ಲಿ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ಯುರೋಪಿನ ಯಾವುದೋ ಚಿಹ್ನೆ. ಮೇಲೆ ಕನ್ನಡದ ಮುಖವಾಡ. ನಮ್ಮ ಥರದವರಿಗೆ ಮುಖವಾಡ ಕಾಣಲ್ಲ, ಒಳಗಿನದಷ್ಟೇ ಕೇಳುತ್ತೆ. ಎಲ್ಲ ಭಾಷೆಯ ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿನೊಳಗೇ ಅದರದ್ದೇ ಗುರುತು ಕೊಡುವ ಏರ್ಪಾಟು ಯೂನಿಕೋಡ್. ಕನ್ನಡ ಯೂನಿಕೋಡ್‌ಗೆ ಸೇರಿದ್ದು 1991ರಲ್ಲಿ. ಇವತ್ತಿಗೂ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಪುಸ್ತಕ ಹಳೇ ಫಾಂಟಿನಲ್ಲೇ ತಯಾರಾಗುತ್ತೆ. ಬದಲಾಯಿಸುವ ಕನ್ವರ್ಟರ್‌ಗಳಿವೆ. ಟೆಕ್ಸ್ಟ್ ಸಿಕ್ಕಿದರೆ ಕೆಲಸ ಆಗುತ್ತೆ. ಪಿಡಿಎಫ್ ಮಾಡಿಬಿಟ್ಟಿದ್ದರೆ ಒತ್ತಕ್ಷರಗಳು ದಿಕ್ಕಾಪಾಲು.

ಒಂದು ಪ್ರಕಾಶನಕ್ಕೆ ಫೋನ್ ಮಾಡಿ, ನಾನು ಪುಸ್ತಕ ದುಡ್ಡು ಕೊಟ್ಟು ಕೊಂಡಿದ್ದೇನೆ, ಅದರ ಟೆಕ್ಸ್ಟ್ ಫೈಲ್ ಕೊಡ್ತೀರಾ ಸಾರ್ ಅಂದೆ. ಕಳ್ಳನನ್ನು ವಿಚಾರಿಸಿದ ಹಾಗೆ ವಿಚಾರಿಸಿದರು. ಕೊನೆಗೆ ಕೊಡಲಿಲ್ಲ.

ಉಳಿದಿದ್ದು ಸ್ಕ್ಯಾನ್. 240 ಪುಟದ ಪುಸ್ತಕ ಹಿಡಿದುಕೊಂಡು ಜೆರಾಕ್ಸ್ ಅಂಗಡಿಗೆ ಹೋದೆ. ಹುಡುಗ, "ಪೂರ್ತಿ ಪುಸ್ತಕ ಮಾಡಂಗಿಲ್ಲ ಅಣ್ಣ, ಕೇಸ್ ಆಗುತ್ತೆ" ಅಂದ. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದಿದ್ದಾರೆ, ನಮ್ಮಂಥವರು ಓದಲು ಆಗುವ ರೂಪಕ್ಕೆ ಪುಸ್ತಕ ಬದಲಾಯಿಸಿಕೊಳ್ಳಬಹುದು, ಇದಕ್ಕೇ ಅಂತ ದೇಶದೇಶಗಳು ಮಾಡಿಕೊಂಡ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಕ್ಕಿಂತ ಮೊದಲು ಅಂಗೀಕರಿಸಿದ್ದೇ ಇಂಡಿಯಾ ಅಂತೆಲ್ಲ ಭಾಷಣ ಬಿಗಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಬೈಂಡಿಂಗ್ ಕಟ್ ಮಾಡ್ಬೇಕಾಗುತ್ತೆ, ಪರ್ವಾಗಿಲ್ವಾ?" ಅಂದ. ಹಾಳೆ ಬಿಡಿಬಿಡಿ ಇದ್ದರೆ ಮೆಷಿನ್ ತಾನೇ ಎಳೆದುಕೊಳ್ಳುತ್ತೆ. ಇಲ್ಲದಿದ್ದರೆ ಒಂದೊಂದೇ ಪುಟ ಮಗುಚಬೇಕು. ಕಟ್ ಮಾಡು ಅಂದೆ. ಪುಸ್ತಕದ ಬೆನ್ನಿನ ಮೇಲೆ ಬ್ಲೇಡ್ ಇಳಿಯುವ ಸದ್ದು ಕೇಳಿಸಿತು. ಪುಟದ ಮೂಲೆ ಮಡಿಸಿದರೂ ಮಕ್ಕಳಿಗೆ ಬೈಯುತ್ತಿದ್ದವನು ನಾನು.

ಸ್ಕ್ಯಾನ್ ಆದದ್ದು ಬರೀ ಚಿತ್ರ. ಅದನ್ನು ಅಕ್ಷರ ಮಾಡಬೇಕು, ಒಸಿಆರ್. ಬೆಂಗಳೂರಿನ ಐಐಎಸ್‌ಸಿಯವರು ಕನ್ನಡಕ್ಕೇ ಅಂತ ಲಿಪಿಜ್ಞಾನಿ ಮಾಡಿದ್ದಾರೆ. ನಾನು ಮಾಡಿದ್ದು ಗೂಗಲ್ ಡ್ರೈವ್‌ನಲ್ಲಿ. ಹತ್ತತ್ತು ಪುಟದ ತುಂಡು ಹಾಕಿ, ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಬರುತ್ತೆ. ಚೆನ್ನಾಗಿಯೇ ಬರುತ್ತೆ. ಆದರೆ ಹಳೇ ಅಚ್ಚಿನ ಪುಸ್ತಕ ಆದರೆ ಅರ್ಕಾವೊತ್ತಿಗೂ ಒಂಬತ್ತಕ್ಕೂ ಅದಕ್ಕೆ ಗೊಂದಲ. ಎರಡೂ ನೋಡಲು ಒಂದೇ ಥರ ಅಲ್ವಾ. ಧರ್ಮ ಹೋಗಿ "ಧಮ ಒಂಬತ್ತು". ಸೂರ್ಯ "ಸೂಯ ಒಂಬತ್ತು". ಅರ್ಜುನ "ಅಜು ಒಂಬತ್ತು ನ". ಐವತ್ತು ಪುಟ ಆಗುವಷ್ಟರಲ್ಲಿ ಒಂಬತ್ತು ಕೇಳಿಸಿದ ಕೂಡಲೇ ಮನಸ್ಸು ತಾನೇ ಹಿಂದಕ್ಕೆ ಹೋಗಿ ರಕಾರ ಸೇರಿಸಿಕೊಳ್ಳುವುದನ್ನು ಕಲಿತುಬಿಟ್ಟಿತು. ಆಮೇಲೆ ಒಂದು ಕಡೆ "ಬೆಳಿಗ್ಗೆ ಒಂಬತ್ತು ಗಂಟೆಗೆ" ಅಂತ ಬಂದಾಗ ಅದನ್ನೂ ತಿದ್ದಲು ಹೊರಟಿದ್ದೆ.

ಇನ್ನೊಂದು ಕಾಟ ಪುಟದ ತಲೆಬರಹ. ಪ್ರತಿ ಪುಟದ ಮೇಲೂ ಪುಸ್ತಕದ ಹೆಸರು, ಪುಟದ ನಂಬರ್ ಇರುತ್ತಲ್ಲ. ಕಣ್ಣು ಅದನ್ನು ಹಾರಿಸಿ ಹೋಗುತ್ತೆ, ಮೆಷಿನ್ ಹೋಗಲ್ಲ. ರಾತ್ರಿ ಬಾಗಿಲು ಬಡಿದ ಸದ್ದು, ಅವಳು ನಡುಗುವ ಕೈಯಿಂದ ಚಿಲಕ ತೆಗೆದು, "ನೂರ ನಲವತ್ತೆರಡು" ನೋಡಿದಳು. ಕತೆಗಾರರು ಎಷ್ಟು ಕಷ್ಟಪಟ್ಟು ಆ ಭಯ ಕಟ್ಟಿದ್ದರೋ.

ಸುಗಮ್ಯ ಪುಸ್ತಕಾಲಯ ಗೊತ್ತಾದಮೇಲೆ ಈ ಪಾಡು ಸ್ವಲ್ಪ ಕಮ್ಮಿಯಾಯಿತು. 2016ರಲ್ಲಿ ಶುರುವಾದ ಆನ್‌ಲೈನ್ ಲೈಬ್ರರಿ, ಅಚ್ಚು ಓದಲು ಆಗದವರಿಗೆ ಮಾತ್ರ. ಅಂಗವಿಕಲರ ಸರ್ಟಿಫಿಕೇಟ್ ಕೊಟ್ಟು ಸದಸ್ಯರಾಗಬೇಕು. ಅಲ್ಲಿಂದ ನಾನು ಮೊದಲು ಇಳಿಸಿಕೊಂಡಿದ್ದು ಡೈಸಿ ಅನ್ನೋ ರೂಪದ ಒಂದು ಪುಸ್ತಕ. ಬರೀ ಆಡಿಯೋ ಆದರೆ ಕ್ಯಾಸೆಟ್ ಥರ, ಎಲ್ಲಿದ್ದೇವೆ ಅಂತ ಹುಡುಕಿಕೊಂಡು ಹೋಗಬೇಕು. ಡೈಸಿಯಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ, ಪುಟದಿಂದ ಪುಟಕ್ಕೆ ಹಾರಬಹುದು, ಗುರುತು ಇಟ್ಟುಕೊಳ್ಳಬಹುದು. ಕೊನೆಯ ಅಧ್ಯಾಯವನ್ನು ಮೊದಲೇ ಇಣುಕಿ ನೋಡುವ ಕೆಟ್ಟ ಚಾಳಿ ನನಗೆ ಮೊದಲಿಂದಲೂ ಇತ್ತು. ಎಷ್ಟು ವರ್ಷ ಆದಮೇಲೆ ಅವತ್ತು ಮತ್ತೆ ಇಣುಕಿದೆ! ಇಂಗ್ಲಿಷ್, ಹಿಂದಿಯಲ್ಲಿ ಸಿಗುವಷ್ಟು ಕನ್ನಡದಲ್ಲಿ ಸಿಗಲ್ಲ ಅನ್ನೋದೊಂದೇ ಬೇಜಾರು.

ಆ ಬಿ.ಎ. ಹುಡುಗ ಈಗ ಬ್ರೈಲ್ ಡಿಸ್‌ಪ್ಲೇ ಬಗ್ಗೆ ಮಾತಾಡುತ್ತಾನೆ. ಒಂದು ಸಾಲಿನಷ್ಟು ಪಟ್ಟಿ, ಅದರಲ್ಲಿ ಚುಕ್ಕಿಗಳು ಪಿನ್ನಿನ ಹಾಗೆ ಏಳುತ್ತವೆ, ಇಳಿಯುತ್ತವೆ. ಫೋನಿನಲ್ಲಿರುವ ಪುಸ್ತಕವೆಲ್ಲ ಬೆರಳಿಗೆ ಸಿಗುತ್ತೆ. ಐಐಟಿ ದೆಹಲಿಯವರು 2019ರಲ್ಲಿ ಡಾಟ್‌ಬುಕ್ ಅಂತ ಒಂದು ತಂದರು. ತುಮಕೂರಿಗೆ ಯಾರೋ ಅಂಥದ್ದೊಂದು ತಂದಿದ್ದಾಗ ಐದು ನಿಮಿಷ ಮುಟ್ಟಿ ನೋಡಿದ್ದೇನೆ. ಬೆರಳ ಕೆಳಗೆ ಸಾಲು ಸರ್ರನೆ ಬದಲಾಗುತ್ತೆ, ಮೈಯೆಲ್ಲ ಜುಂ ಅಂದಿತು. ಬೆಲೆ ಕೇಳಿದಮೇಲೆ ಇನ್ನೊಂದು ಸಲ ಜುಂ ಅಂದಿತು. ಕೊಬ್ಬರಿಗೆ ಒಳ್ಳೆ ದರ ಬಂದ ವರ್ಷ ನೋಡೋಣ ಅಂತ ಹೆಂಡತಿ ಹೇಳಿದ್ದಾಳೆ.

ಅಲ್ಲಿಯವರೆಗೆ ಮಂಚದ ಕೆಳಗಿನ ಸಂಪುಟಗಳೇ ಗತಿ. ರಾತ್ರಿ ಮನೆಯವರೆಲ್ಲ ಮಲಗಿದಮೇಲೆ ಲೈಟ್ ಬೇಕಿಲ್ಲ, ಸದ್ದೂ ಇಲ್ಲ. ಹೊಟ್ಟೆ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತೇನೆ. ಚಳಿಗಾಲದಲ್ಲಿ ಕಂಬಳಿ ಒಳಗೇ. ಕಣ್ಣಿದ್ದವರಿಗೆ ಈ ಸುಖ ಇಲ್ಲ.

ಹೋದ ತಿಂಗಳು ಬೆಂಗಳೂರಿನ ಒಂದು ಲೈಬ್ರರಿಯಿಂದ ಒಂದು ಪತ್ತೇದಾರಿ ಕಾದಂಬರಿ ತರಿಸಿದೆ, ನಾಲ್ಕು ಸಂಪುಟ. ಪೋಸ್ಟ್‌ಮ್ಯಾನ್ ಒಂದು, ಎರಡು, ನಾಲ್ಕು ತಂದುಕೊಟ್ಟರು. ಮೂರನೆಯದು ಎಲ್ಲಿ ಸಾರ್ ಅಂದರೆ, "ನನ್ನ ಚೀಲಕ್ಕೆ ಬಂದಿದ್ದು ಇಷ್ಟೇ ಸ್ವಾಮಿ" ಅಂದರು. ಲೈಬ್ರರಿಗೆ ಫೋನ್ ಮಾಡಿದೆ, ಕಳಿಸಿದ್ದೇವೆ ಅಂದರು. ಎರಡನೆಯದು ಮುಗಿಯುವಾಗ ಬಾವಿಯಲ್ಲಿ ಹೆಣ ಸಿಕ್ಕಿದೆ. ಮಗಳಿಗೆ ಹೇಳಿದೆ. ಅಚ್ಚಿನ ಪುಸ್ತಕ ಅವಳ ಕಾಲೇಜಿನ ಲೈಬ್ರರಿಯಲ್ಲೇ ಇದೆಯಂತೆ. "ಯಾರು ಕೊಂದಿದ್ದು ಅಂತ ಹೇಳ್ಲಾ ಅಪ್ಪ?" ಅಂದಳು. ಬೇಡ ಸುಮ್ನಿರು ಅಂದೆ.

ನಾಲ್ಕನೆಯದು ಮಂಚದ ಕೆಳಗೇ ಇದೆ. ಇನ್ನೂ ಮುಟ್ಟಿಲ್ಲ.